ಹದ್ದುಗಳಿಗೆ ನಾನು ಇಟ್ಟ ಎಡೆ

ಆಗ ನನಗೆ ನಲವತ್ತೊಂಬತ್ತು ವರ್ಷ. ಅದು ನಡೆದು ಹನ್ನೆರಡು ವರ್ಷ ಆಯಿತು. ಮಸ್ಕತ್ತಿನ ಒಂದು ಪ್ರಾಣಿ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ ಅಷ್ಟೊತ್ತಿಗೆ ಆರು ವರ್ಷ ಕಳೆದಿತ್ತು. ಹೊಸಬಳಾಗಿದ್ದಾಗ ಮಾಡಿದ ತಪ್ಪು ಅದಲ್ಲ. ಕೆಲಸ ಪೂರ್ತಿ ಗೊತ್ತಿದೆ ಎಂಬ ಜಂಬ ಬಂದ ಮೇಲೆ ಮಾಡಿದ್ದು.

ಈಗ ನಮ್ಮ ಕಡೆಯ ಹುಡುಗಿಯರು ಈ ಕೆಲಸಕ್ಕೆ ಹೋಗುತ್ತಿದ್ದಾರೆ. ನಾಯಿ ಬೆಕ್ಕಿನ ಮೈ ಸವರುವ ಕೆಲಸ ಎಂದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಉಚ್ಚೆಯ ವಾಸನೆ. ಎಷ್ಟು ಗೂಡುಗಳಿವೆಯೋ ಅಷ್ಟನ್ನೂ ಉಜ್ಜಿ ತೊಳೆಯಬೇಕು. ಆಮೇಲೆ ಹಿಡಿಯುವ ಕೆಲಸ. ಬೆಕ್ಕನ್ನು ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿ ತಲೆ ಮಾತ್ರ ಹೊರಗೆ ಬಿಡಬೇಕು. ನಾಯಿಯ ಕಣ್ಣು ನೋಡಬೇಡಿ, ಕಿವಿ ನೋಡಿ. ಕಿವಿ ಹಿಂದಕ್ಕೆ ಮಲಗಿತೆಂದರೆ ನಿಮ್ಮ ಕೈ ತೆಗೆಯಿರಿ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಬೆಕ್ಕಿನ ನಾಲ್ಕು ಹಲ್ಲಿನ ಗುರುತು ಇಂದಿಗೂ ಉಂಟು.

ಸೇರಿದ ಮೊದಲ ವಾರದಲ್ಲಿ ಒಂದು ನಾಯಿಯನ್ನು ಸಾಯಿಸಿದ್ದನ್ನು ನೋಡಿದೆ. ಕಾಯಿಲೆ ಏನೂ ಇರಲಿಲ್ಲ, ವಯಸ್ಸಾಗಿತ್ತು ಅಷ್ಟೆ. ಸಾಕಿದವರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಿದ್ದರು, ವಿಮಾನದಲ್ಲಿ ಅಷ್ಟು ದೂರ ಅದು ತಡೆಯುವುದಿಲ್ಲ ಎಂದರು. ಡಾಕ್ಟರಮ್ಮ ಮುಂಗಾಲಿನ ಕೂದಲು ತೆಗೆದು, ಗುಲಾಬಿ ಬಣ್ಣದ ಔಷಧವನ್ನು ಸೂಜಿಯಲ್ಲಿ ಕೊಟ್ಟರು. ನಾಯಿ ನನ್ನ ತೋಳಿನ ಮೇಲೆ ತಲೆ ಇಟ್ಟಿತು. ನಿದ್ದೆ ಎಂದುಕೊಂಡೆ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ ತಲೆ ಆಡಿಸಿದರು. ನಮ್ಮ ಪಡುಬಿದ್ರೆಯಲ್ಲಿ ನಾಯಿ ಲಾರಿಯಡಿಗೆ ಬಿದ್ದು ಸತ್ತದ್ದು ನೋಡಿದ್ದೇನೆ, ಹುಚ್ಚು ಹಿಡಿದದ್ದನ್ನು ಹೊಡೆದು ಕೊಂದದ್ದು ನೋಡಿದ್ದೇನೆ. ಮುತ್ತು ಕೊಟ್ಟು, ಅತ್ತು, ಸೂಜಿ ಹಾಕಿಸಿ ಸಾಯಿಸುವುದನ್ನು ನೋಡಿರಲಿಲ್ಲ. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲು ಆಗಲಿಲ್ಲ. ಒಂದು ವರ್ಷದೊಳಗೆ ಅದೇ ಕೈಯಲ್ಲಿ ಹಿಡಿದುಕೊಂಡು ರಾತ್ರಿಗೆ ಯಾವ ಮೀನು ತರಲಿ ಎಂದು ಯೋಚಿಸುವಷ್ಟು ರೂಢಿಯಾಯಿತು. ರೂಢಿ ಎಂಬುದೂ ಹೆದರಿಕೆಯ ವಿಷಯವೇ.

ನನ್ನ ಮೊದಲ ದೊಡ್ಡ ತಪ್ಪು ಊಟ ಹಾಕಿದ್ದು. ಗೂಡಿನಲ್ಲಿ ಒಂದು ಕರಿ ನಾಯಿ ಬೆಳಿಗ್ಗೆಯಿಂದ ಕುಂಯ್ ಕುಂಯ್ ಎನ್ನುತ್ತಿತ್ತು. ಯಾರೂ ಅದಕ್ಕೆ ತಿನ್ನಲು ಕೊಟ್ಟಿರಲಿಲ್ಲ. ನನ್ನ ಬುತ್ತಿಯ ಅನ್ನ, ಬಂಗುಡೆ ಸಾರು ಹಾಕಿದೆ. ಅದಕ್ಕೆ ಹತ್ತು ಗಂಟೆಗೆ ಆಪರೇಷನ್ ಇತ್ತು. ಪ್ರಜ್ಞೆ ತಪ್ಪಿಸಿದ ಮೇಲೆ ಅನ್ನವೆಲ್ಲ ಗಂಟಲಿಗೆ ಬಂತು, ಉಸಿರು ಕಟ್ಟಿತು. ಡಾಕ್ಟರಮ್ಮ ಅದರ ಬಾಯೊಳಗೆ ಕೈ ಹಾಕಿ ಮೀನಿನ ಮುಳ್ಳು ಎಳೆದು ತೆಗೆಯುವುದನ್ನು ನೋಡುತ್ತಾ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ನಾಯಿ ಬದುಕಿತು. ಗೂಡಿನ ಮೇಲೆ ಚೀಟಿ ಇತ್ತಂತೆ, ಇಂಗ್ಲಿಷಿನಲ್ಲಿ. ನನಗೆ ಮೂರನೆಯ ಕ್ಲಾಸಿನ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬರುವುದಿಲ್ಲ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಡಾಕ್ಟರಮ್ಮನ ಹೆಸರು ರೂತ್. ಅಮೆರಿಕದವರು, ಅಲ್ಲಿ ನಕ್ಷೆಯಲ್ಲಿ ತೀರಾ ಮೇಲೆ ಇರುವ, ಆರು ತಿಂಗಳು ಹಿಮ ಬೀಳುವ ಒಂದು ಮೀನುಗಾರಿಕೆಯ ಊರಿನವರು. ಮದುವೆ ಆಗಿರಲಿಲ್ಲ. ಮಾತು ಕಡಿಮೆ. ಆಫೀಸು ನೋಡಿಕೊಳ್ಳುತ್ತಿದ್ದವನು ನಮ್ಮ ಕಡೆಯವನೇ, ಶೇಖರಣ್ಣ. ಡಾಕ್ಟರಮ್ಮನ ಇಂಗ್ಲಿಷನ್ನು ನನಗೆ ತುಳುವಿನಲ್ಲಿ ಹೇಳುತ್ತಿದ್ದವನು ಅವನು. ಹತ್ತು ಮಾತಿಗೆ ಎರಡು ಮಾತು ಹೇಳುತ್ತಿದ್ದ, ಉಳಿದ ಎಂಟು ನನಗೆ ಬೇಡ ಎಂದು ಅವನೇ ತೀರ್ಮಾನ ಮಾಡಿಬಿಡುತ್ತಿದ್ದ.

ಡಾಕ್ಟರಮ್ಮನ ಮೇಜಿನ ಮೇಲಿನ ಗೋಡೆಯಲ್ಲಿ ಒಂದು ದೊಡ್ಡ ಪಕ್ಷಿಯ ಫೋಟೊ ಇತ್ತು. ತಲೆ ಬೆಳ್ಳಗೆ, ಮೈ ಕಂದು, ಕೊಕ್ಕು ಹಳದಿ. ಸೇರಿದ ದಿನವೇ ನೋಡಿದೆ. ನಮ್ಮ ಗರುಡ. ಊರಿನಲ್ಲಿ ಸಮುದ್ರದ ಮೇಲೆ ಸುತ್ತು ಹಾಕುವಾಗ ಕಂಡರೆ ಕೆಲಸ ಬಿಟ್ಟು ಕೈ ಮುಗಿಯುತ್ತೇವೆ. ದೇಶ ಬಿಟ್ಟು ಬಂದವಳಿಗೆ ಅದು ಸಿಕ್ಕಿದ್ದು ಎಷ್ಟು ಧೈರ್ಯ ಎಂದು ಹೇಳಲಾರೆ. ಪ್ರತಿ ಗುರುವಾರ ರೂವಿ ಪೇಟೆಯ ಅಂಗಡಿಯಿಂದ ಒಂದು ಮೊಳ ಮಲ್ಲಿಗೆ ತಂದು ಅರ್ಧ ಮುಡಿದು ಅರ್ಧ ಫೋಟೊಗೆ ಸಿಕ್ಕಿಸುತ್ತಿದ್ದೆ. ಮೂರು ತಿಂಗಳು ಡಾಕ್ಟರಮ್ಮ ಏನೂ ಕೇಳಲಿಲ್ಲ. ಆಮೇಲೆ ಒಂದು ದಿನ ಶೇಖರಣ್ಣನನ್ನು ಕರೆದು ಕೇಳಿಸಿದರು, ಇದೇನು ಎಂದು.

ಅದು ಗರುಡ ಅಲ್ಲವಂತೆ. ಅವರ ದೇಶದ ಹದ್ದಂತೆ. ರೆಕ್ಕೆ ಬಿಚ್ಚಿದರೆ ನಮ್ಮ ಆಪರೇಷನ್ ಮೇಜಿಗಿಂತ ಉದ್ದ. ಹುಟ್ಟುವಾಗ ಮೈಯೆಲ್ಲ ಕಂದು, ತಲೆ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು. ಅವರ ನೋಟಿನ ಮೇಲೆ, ಪಾಸ್‌ಪೋರ್ಟಿನ ಮೇಲೆ, ಸರ್ಕಾರದ ಮುದ್ರೆಯ ಮೇಲೆ ಅದೇ. ಡಾಕ್ಟರಮ್ಮ ತಮ್ಮ ಪಾಸ್‌ಪೋರ್ಟ್ ತೆಗೆದು ತೋರಿಸಿದರು. ನಾನು ಅದನ್ನೂ ಕಣ್ಣಿಗೆ ಒತ್ತಿಕೊಂಡೆ. ನೆಲಕ್ಕೆ ಬಿದ್ದ ಒಂದು ಪುಕ್ಕ ಹೆಕ್ಕಿ ಮನೆಯಲ್ಲಿ ಇಟ್ಟುಕೊಂಡರೂ ಅಲ್ಲಿ ಕೇಸಾಗುತ್ತದಂತೆ. ಹಿಂದೆ ಹೊಲಕ್ಕೆ ಹೊಡೆದ ಮದ್ದಿನಿಂದ ಮೊಟ್ಟೆಯ ಸಿಪ್ಪೆ ತೆಳ್ಳಗಾಗಿ, ತಾಯಿ ಕಾವಿಗೆ ಕೂತರೆ ಒಡೆದುಹೋಗಿ, ಸಂತಾನವೇ ಮುಗಿಯುವ ಹಾಗೆ ಆಗಿತ್ತಂತೆ. ಆ ಮದ್ದು ನಿಲ್ಲಿಸಿ, ಕಾನೂನು ಮಾಡಿ ಉಳಿಸಿಕೊಂಡರಂತೆ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮ ಮುಂದೆ ಹೇಳಿದರು. ಅವರ ಊರಿನ ಬಂದರಿನಲ್ಲಿ ಅವು ಕಾಗೆಗಳ ಹಾಗೆ ಕೂರುತ್ತವಂತೆ. ಕಸದ ತೊಟ್ಟಿಯ ಚೀಲ ಹರಿಯುತ್ತವೆ. ಬೇರೆ ಹಕ್ಕಿ ಹಿಡಿದ ಮೀನನ್ನು ಕಿತ್ತುಕೊಳ್ಳುತ್ತವೆ. ಅವರ ಅಮ್ಮನ ಕಾರಿನ ಮೇಲೆ ಕೂತು ಹೇಸಿಗೆ ಮಾಡುತ್ತವೆ, ಅಮ್ಮ ಪೊರಕೆ ಹಿಡಿದು ಓಡಿಸುತ್ತಾರೆ. ಕೂಗುವುದು ಕೋಳಿಮರಿಯ ಹಾಗೆ, ಚಿಯ್ ಚಿಯ್ ಎಂದು. ಪಾಸ್‌ಪೋರ್ಟಿನ ಮೇಲೆ ಇರುವ ದೇವರು ಕಸದ ತೊಟ್ಟಿಯ ಮೇಲೆ ಕೂರುವುದೇ? ಶೇಖರಣ್ಣ ತಪ್ಪು ಹೇಳುತ್ತಿದ್ದಾನೆ ಎಂದುಕೊಂಡು ಎರಡು ಸಲ ಕೇಳಿದೆ. ಅವನು ನಗುತ್ತಾ, “ಹೌದು ವಾರಿಜಕ್ಕ, ನಿಮ್ಮ ದೇವರಿಗೆ ಮಲ್ಲಿಗೆ ಬೇಡ, ಮೀನಿನ ತಲೆ ಇಡಿ” ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು. ಮಲ್ಲಿಗೆ ಇಡುವುದು ನಿಲ್ಲಿಸಲಿಲ್ಲ.

ನಮ್ಮ ಪಿಕಪ್ ಓಡಿಸುತ್ತಿದ್ದವರು ಹಮೀದಾಕ, ಬಂಟ್ವಾಳದ ಕಡೆಯ ಬ್ಯಾರಿ, ನನಗಿಂತ ಐದಾರು ವರ್ಷ ದೊಡ್ಡವರು. ಇಪ್ಪತ್ತೈದು ವರ್ಷದಿಂದ ಆ ದೇಶದಲ್ಲಿದ್ದರು. ಒಂದು ಚಳಿಗಾಲದಲ್ಲಿ ಹಳೆಯ ಗೂಡುಗಳನ್ನು ಎಸೆಯಲು ಅವರ ಜೊತೆ ಊರ ಹೊರಗಿನ ಕಸದ ಮೈದಾನಕ್ಕೆ ಹೋಗಿದ್ದೆ. ಬೋಳು ಗುಡ್ಡಗಳ ನಡುವೆ ಕಸದ ರಾಶಿ. ಗುಡ್ಡದ ಏಣಿನ ಉದ್ದಕ್ಕೂ ಕಲ್ಲುಗಳು ಎಂದುಕೊಂಡೆ. ಪಿಕಪ್ ಹತ್ತಿರ ಹೋದಾಗ ಕಲ್ಲುಗಳು ಕುತ್ತಿಗೆ ತಿರುಗಿಸಿದವು. ಎಲ್ಲವೂ ಹದ್ದು. ಕಂದು ಬಣ್ಣದ ದೊಡ್ಡ ಹದ್ದುಗಳು. ಚಳಿಗೆ ಬಡಗು ದೇಶಗಳಿಂದ ಬರುತ್ತವೆ, ಇಲ್ಲಿ ಸುಲಭಕ್ಕೆ ಹೊಟ್ಟೆ ತುಂಬುತ್ತದೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ರಜೆಯ ಶುಕ್ರವಾರಗಳಲ್ಲಿ ಅವರು ದುರ್ಬೀನು ಹಿಡಿದು ಅಲ್ಲಿಗೇ ಹೋಗುತ್ತಿದ್ದರು. ಕಸದ ವಾಸನೆ ಬಂದರೆ ಊರು ನೆನಪಾಗುತ್ತದೆ ಎಂದು ಒಂದು ಸಲ ಹೇಳಿದ್ದರು. ಎಂಥ ಊರೋ.

ಈಗ ಆ ವಿಷಯ.

ಆಸ್ಪತ್ರೆಯಲ್ಲಿ ಸತ್ತ ಪ್ರಾಣಿಯನ್ನು ಕರಿ ಚೀಲದಲ್ಲಿ ಎರಡು ಸುತ್ತು ಹಾಕಿ ದೊಡ್ಡ ಫ್ರೀಜರಿನಲ್ಲಿ ಇಡುವುದು ಕ್ರಮ. ವಾರಕ್ಕೊಮ್ಮೆ ಗಾಡಿ ಬಂದು ಒಯ್ಯುತ್ತಿತ್ತು, ಭಟ್ಟಿಯಲ್ಲಿ ಸುಡುತ್ತಿದ್ದರು. ಯಾಕೆ ಸುಡಬೇಕು ಎಂದು ನಾನು ಕೇಳಿರಲಿಲ್ಲ. ಶುದ್ಧಕ್ಕೆ ಎಂದುಕೊಂಡಿದ್ದೆ. ಆ ಚಳಿಗಾಲ ಭಟ್ಟಿ ಕೆಟ್ಟು ಎರಡು ವಾರ ಗಾಡಿ ಬರಲಿಲ್ಲ. ಫ್ರೀಜರು ಬಾಯಿಯವರೆಗೆ ತುಂಬಿತು. ಅದೇ ಹೊತ್ತಿಗೆ ಬುಧವಾರ ಸಂಜೆ ಒಂದು ಕುದುರೆ ಲಾಯದಿಂದ ಮುದಿ ಕತ್ತೆಯನ್ನು ತಂದರು. ಹಿಂಗಾಲು ಮುರಿದಿತ್ತು. ಡಾಕ್ಟರಮ್ಮ ಹಿತ್ತಲಿನಲ್ಲೇ ಸೂಜಿ ಹಾಕಿದರು. ನಾಯಿಗೆ ಒಂದು ಸೂಜಿ ಸಾಕು, ಕತ್ತೆಗೆ ಬಾಟಲಿಯೇ ಹೋಯಿತು. ಆ ಬಾಟಲಿ ಹಿಡಿದು ನಿಂತಿದ್ದವಳು ನಾನೇ.

ಗುರುವಾರ ಬೆಳಿಗ್ಗೆ ಶೇಖರಣ್ಣ ಹಮೀದಾಕರಿಗೆ ಹೇಳಿದ, ಇಂಥ ಕಡೆ ಜೆಸಿಬಿ ಬರುತ್ತದೆ, ಆಳಕ್ಕೆ ಗುಂಡಿ ತೋಡಿಸಿ ಹೂಳಬೇಕು, ಡಾಕ್ಟರಮ್ಮನ ಆರ್ಡರು. ಹೇಳಿ ಅವನು ಒಳಗೆ ಹೋದ. ಹನ್ನೊಂದು ಗಂಟೆಗೆ ಜೆಸಿಬಿಯವನು ಫೋನು ಮಾಡಿ ಶನಿವಾರ ಬರುತ್ತೇನೆ, ಇವತ್ತು ಖಲಾಸ್ ಎಂದ. ಕತ್ತೆ ಪಿಕಪ್‌ನಲ್ಲಿ ಬಿಸಿಲಿಗೆ ಉಬ್ಬುತ್ತಿತ್ತು. ಹಮೀದಾಕ ತಲೆ ಕೆರೆದುಕೊಂಡು ನಿಂತಿದ್ದರು. ಆಗ ನಾನು ಬಾಯಿ ಹಾಕಿದೆ.

ನಮ್ಮಲ್ಲಿ ನಾನು ಸಣ್ಣವಳಿರುವಾಗ ಹಟ್ಟಿಯಲ್ಲಿ ದನ ಸತ್ತರೆ ಗುಡ್ಡೆಗೆ ಎಳೆದು ಬಿಡುತ್ತಿದ್ದರು. ಒಂದು ಗಳಿಗೆಯಲ್ಲಿ ಆಕಾಶದಿಂದ ಹದ್ದು, ರಣಹದ್ದು ಇಳಿಯುತ್ತಿದ್ದವು. ಮೂರನೆಯ ದಿನಕ್ಕೆ ಬಿಳಿ ಎಲುಬು. ಪಕ್ಷಿ ಮುಟ್ಟದಿದ್ದರೆ ಮನೆಯವರಿಗೆ ಬೇಜಾರು, ತಿಂದು ಹೋದರೆ ಸಮಾಧಾನ. ಅದನ್ನೇ ಹೇಳಿದೆ. ಎಲ್ಲಿಂದಲೋ ಹಸಿದು ಬಂದ ಜೀವಗಳು, ಕಸದಲ್ಲಿ ಪ್ಲಾಸ್ಟಿಕ್ ಕುಕ್ಕುತ್ತಿವೆ, ಅವುಗಳಿಗೆ ಹಾಕಿ ಎಂದೆ.

ಹಮೀದಾಕರಿಗೆ ಮನಸ್ಸಿರಲಿಲ್ಲ. “ಹೂಳ್ಲಿಕ್ಕೆ ಹೇಳಿದ್ದಲ್ವಾ ಅಕ್ಕ?” ಎಂದರು.

“ಹೂತ್ರೆ ಹುಳ ತಿಂತದೆ, ಅಲ್ಲಿ ಹಕ್ಕಿ ತಿಂತದೆ. ನಿಮಗೆ ಎಂತ ಹೋಗ್ತದೆ?”

“ಡಾಕ್ಟರಮ್ಮ ಕೇಳಿದ್ರೆ?”

“ಅವರಿಗೇ ಪ್ರೀತಿ ಅಲ್ವಾ ಆ ಹಕ್ಕಿಗಳು? ಖುಷಿ ಪಡ್ತಾರೆ ಮಾರಾಯ್ರೆ.”

ಕತ್ತೆಯ ಚರ್ಮ ದಪ್ಪ, ಹದ್ದಿನ ಕೊಕ್ಕಿಗೆ ಹರಿಯುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಡ್ರೆಸ್ಸಿಂಗ್ ರೂಮಿನಿಂದ ದೊಡ್ಡ ಕತ್ತರಿ ತಂದು, ಪಿಕಪ್ ಹತ್ತಿ, ಹೊಟ್ಟೆಯನ್ನು ಒಂದು ಮೊಳ ನಾನೇ ಸೀಳಿ ಕೊಟ್ಟೆ. ಎಡೆ ಇಡುವಾಗ ಬಾಳೆ ಎಲೆ ಬಿಡಿಸಿಟ್ಟ ಹಾಗೆ. ಮನಸ್ಸಿಗೆ ತುಂಬಾ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಹಮೀದಾಕ ಅದನ್ನು ಒಯ್ದು ಕಸದ ಮೈದಾನದಲ್ಲಿ ಬಿಟ್ಟು ಬಂದರು.

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಶೇಖರಣ್ಣನ ಫೋನು. ಟವೆಲ್, ಕಂಬಳಿ, ರಟ್ಟಿನ ಪೆಟ್ಟಿಗೆ ಎಷ್ಟಿದೆಯೋ ಅಷ್ಟೂ ಬೇಕು, ಹಮೀದ್ ಬರುತ್ತಾನೆ, ಹತ್ತಿ ಎಂದ. ಹಮೀದಾಕ ಕಸದ ಮೈದಾನದ ಕಡೆ ಪಿಕಪ್ ತಿರುಗಿಸಿದರು. ನನಗೆ ಆಗಲೂ ಹೊಳೆದಿರಲಿಲ್ಲ.

ಕತ್ತೆಯ ಸುತ್ತ ಹದ್ದುಗಳು ಬಿದ್ದಿದ್ದವು. ಒಂದು ಕಸದೊಳಗೆ ಮುಖ ಹಾಕಿ ಮಲಗಿತ್ತು. ಒಂದು ಎರಡೂ ರೆಕ್ಕೆ ಹರಡಿ, ಒಣಗಲು ಹಾಕಿದ ಸೀರೆಯ ಹಾಗೆ. ಒಂದು ನಿಲ್ಲಲು ನೋಡಿ, ಹೆಂಡ ಕುಡಿದವನಂತೆ ಓಲಾಡಿ ಕುಸಿಯಿತು. ಎಣಿಸಿದೆ, ಹನ್ನೊಂದು. ಡಾಕ್ಟರಮ್ಮ ಮಂಡಿಯೂರಿ ಕೂತಿದ್ದರು, ಕುತ್ತಿಗೆಯಲ್ಲಿ ಶುಕ್ರವಾರದ ದುರ್ಬೀನು, ಮಡಿಲಿನಲ್ಲಿ ಒಂದು ಹದ್ದಿನ ತಲೆ. ಸತ್ತಿವೆಯಾ ಎಂದು ಕೇಳಿದೆ. ಮೂರು ಸತ್ತಿವೆ, ಉಳಿದವು ಇನ್ನೂ ಇಲ್ಲ ಎಂದರು. ಕತ್ತೆಯ ಮೈಯಲ್ಲಿದ್ದ ಔಷಧ ಮಾಂಸದಲ್ಲೇ ಉಳಿಯುತ್ತದೆ, ತಿಂದವರಿಗೂ ಅದೇ ನಿದ್ದೆ ಎಂದು ಶೇಖರಣ್ಣ ಹೇಳಿದ. ಈ ಮಾತನ್ನು ಆರು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅಳು ಬರಲಿಲ್ಲ.

ಕೆಲಸಕ್ಕೆ ಇಳಿದೆವು. ಹೊಸಬರು ಇದನ್ನು ತಿಳಿದುಕೊಳ್ಳಿ. ನಾಯಿ, ಬೆಕ್ಕಿನಲ್ಲಿ ಬಾಯಿಗೆ ಹೆದರಬೇಕು, ಹದ್ದಿನಲ್ಲಿ ಕಾಲಿಗೆ. ಮೊದಲು ಎರಡೂ ಕಾಲನ್ನು ಸೇರಿಸಿ ಹಿಡಿಯಿರಿ, ಆಮೇಲೆ ಕಣ್ಣಿಗೆ ಬಟ್ಟೆ ಹಾಕಿ, ಆಮೇಲೆ ರೆಕ್ಕೆ ಮಡಚಿ ಕಂಬಳಿಯಲ್ಲಿ ಸುತ್ತಿ. ಪ್ರಜ್ಞೆ ಇಲ್ಲ ಎಂದು ಕಾಲು ಬಿಡಬೇಡಿ. ಒಂದು ಹದ್ದು ನಿದ್ದೆಯಲ್ಲೇ ಉಗುರು ಮುಚ್ಚಿ ಹಮೀದಾಕರ ಅಂಗೈಯನ್ನು ಆಚೆಯಿಂದ ಈಚೆಗೆ ತೂತು ಮಾಡಿತು. ಅವರು ‘ಯಾ ಅಲ್ಲಾ’ ಎಂದದ್ದು ಬಿಟ್ಟರೆ ಬೇರೆ ಸದ್ದು ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಎಂಟು ಹದ್ದುಗಳನ್ನು ಸಾಲಾಗಿ ಮಲಗಿಸಿದೆವು. ಕುತ್ತಿಗೆಯ ಕೆಳಗೆ ತಿಂದದ್ದು ತುಂಬಿಕೊಳ್ಳುವ ಚೀಲ ಇರುತ್ತದೆ. ಡಾಕ್ಟರಮ್ಮ ಉದ್ದ ಚಿಮಟ ಇಳಿಸಿ ಅದರಿಂದ ಮಾಂಸ ತೆಗೆದರು, ತುಂಡು ತುಂಡಾಗಿ. ನಾನು ಬೋಗುಣಿ ಹಿಡಿದೆ. ನಾನೇ ಬಡಿಸಿದ್ದನ್ನು ನಾನೇ ತಿರುಗಿ ತೆಗೆದುಕೊಂಡೆ. ಡ್ರಿಪ್ ಹಾಕಿದರು. ನೀರಿನ ಬಾಟಲಿಗಳಲ್ಲಿ ಬಿಸಿನೀರು ತುಂಬಿಸಿ ಪಕ್ಕದಲ್ಲಿ ಇಟ್ಟು, ತಣ್ಣಗಾದ ಹಾಗೆ ಬದಲಾಯಿಸುವುದು ನನ್ನ ಕೆಲಸ. ಮೈ ಬೆಚ್ಚಗಿದ್ದು ಉಸಿರು ನಿಲ್ಲದಿದ್ದರೆ ಔಷಧ ಇಳಿದ ಮೇಲೆ ಏಳುತ್ತವೆ ಎಂದರು ಡಾಕ್ಟರಮ್ಮ.

ಮಾಂಸ ತೆಗೆಯುತ್ತಲೇ ಅವರು ಮಾತಾಡಿದರು. ಅವತ್ತು ಶೇಖರಣ್ಣ ಒಂದೂ ಬಿಡದೆ ಹೇಳಿದ. ಅವರ ಊರಿನಲ್ಲೂ ಹೀಗೇ ಆಗಿತ್ತಂತೆ. ಯಾರೋ ಸೂಜಿ ಹಾಕಿಸಿದ ಹಸುವನ್ನು ಕಸದ ಗುಂಡಿಗೆ ಎಸೆದು, ಬೆಳಿಗ್ಗೆ ಬಿಳಿ ತಲೆಯ ಹದ್ದುಗಳು ಹಿಮದ ಮೇಲೆ ಬಿದ್ದಿದ್ದವಂತೆ. ಇವರಿಗೆ ಆಗ ಹದಿನೇಳು ವರ್ಷ. ಅಪ್ಪನ ಜೊತೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಎರಡನ್ನು ಕೋಟಿನಲ್ಲಿ ಸುತ್ತಿ ತಂದಿದ್ದರಂತೆ. ಒಂದು ಸತ್ತಿತು. ಎದ್ದು ಹೋದದ್ದರ ಫೋಟೊ ಗೋಡೆಯ ಮೇಲಿನದ್ದು. ಪ್ರಾಣಿ ಡಾಕ್ಟರಾದದ್ದೇ ಅದರಿಂದ.

ನಿನ್ನೆ ಸಿಕ್ಕಿಸಿದ ಮಲ್ಲಿಗೆ ಅದರ ಮೇಲೆ ಬಾಡಿ ಜೋತಾಡುತ್ತಿತ್ತು. ನಾನು ಎದ್ದು ಹೋಗಿ ಅದನ್ನು ಕಿತ್ತು ಕಸಕ್ಕೆ ಹಾಕಿದೆ.

ಮಧ್ಯಾಹ್ನ ಶೇಖರಣ್ಣ ನನ್ನನ್ನು ಸ್ಟೋರಿಗೆ ಕರೆದ. ಹೂಳಲು ಹೇಳಿದ ಜಾಗದಲ್ಲಿ ಹಮೀದ್ ಹೂಳಲಿಲ್ಲ, ಸರ್ಕಾರದವರು ಕೇಳಿದರೆ ಉತ್ತರ ಕೊಡಬೇಕು, ವೀಸಾ ಕೊಟ್ಟ ಕಫೀಲ್‌ಗೆ ಆಗಲೇ ಫೋನು ಮಾಡಿದ್ದೇನೆ, ನಾಳೆ ಅವನ ವೀಸಾ ಕ್ಯಾನ್ಸಲ್ ಎಂದ. ನಾನು ಬಾಯಿ ತೆರೆಯುವ ಮೊದಲೇ ತಡೆದ. ಕತ್ತೆಯ ಹೊಟ್ಟೆಯ ಮೇಲಿನ ನೆಟ್ಟಗಿನ ಸೀಳನ್ನು ಅವನು ನೋಡಿದ್ದ. ಹಿತ್ತಲಿನ ನೆಲದ ಮೇಲೆ ಸಿಕ್ಕಿದ ಕತ್ತರಿಯನ್ನು ತೊಳೆದು ವಾಪಸ್ ಇಟ್ಟದ್ದೂ ಅವನೇ.

“ನೀವು ಸುಮ್ಮನಿರಿ ವಾರಿಜಕ್ಕ. ಡ್ರೈವರ್ ಇನ್ನೊಬ್ಬ ಸಿಗ್ತಾನೆ. ನಿಮ್ಮ ಹಾಗೆ ಹಿಡಿಯುವವರು ಸಿಗುದಿಲ್ಲ.”

ನಾನು ಸುಮ್ಮನಿದ್ದೆ. ಒಂದು ಗಳಿಗೆಯಲ್ಲ, ಮಧ್ಯಾಹ್ನದಿಂದ ಸಂಜೆಯ ಮಗ್ರಿಬ್ ಬಾಂಗ್ ಆಗುವವರೆಗೆ. ಬಾಟಲಿ ಬದಲಾಯಿಸುತ್ತಾ, ಹಮೀದಾಕರ ಕೈಗೆ ಪಟ್ಟಿ ಕಟ್ಟುತ್ತಾ ಸುಮ್ಮನಿದ್ದೆ. ಆ ದಿನ ಕಸದ ಮೈದಾನದಲ್ಲಿ ಕಂಡದ್ದಕ್ಕಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದು. ಮನುಷ್ಯರು ಇಷ್ಟು ಸಲೀಸಾಗಿ ಸುಮ್ಮನಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಸಂಜೆ ಹೊತ್ತಿಗೆ ಎರಡು ಹದ್ದು ಕಣ್ಣು ಬಿಟ್ಟವು. ಒಂದು ಸತ್ತಿತು. ಡಾಕ್ಟರಮ್ಮ ಕೈ ತೊಳೆದು ಬಂದು ಹಮೀದಾಕರ ಎದುರು ಕೂತು, ತಮ್ಮ ಹರಕು ಹಿಂದಿಯಲ್ಲಿ ಒಂದೇ ಮಾತು ಕೇಳಿದರು, ಯಾಕೆ ಎಂದು. ಹಮೀದಾಕ ಪಟ್ಟಿ ಕಟ್ಟಿದ ಕೈ ನೋಡಿಕೊಂಡು, “ಗಲತಿ ಹೋ ಗಯಾ ಮೇಡಂ” ಎಂದರು. ಮೇಜಿನ ಮೇಲೆ ಶೇಖರಣ್ಣ ಬರೆದ ತಪ್ಪೊಪ್ಪಿಗೆಯ ಕಾಗದ ಇತ್ತು, ಹಮೀದಾಕ ರುಜು ಹಾಕುವುದು ಬಾಕಿ.

“ಅವರದ್ದಲ್ಲ,” ಎಂದೆ. “ಹಾಕ್ಲಿಕ್ಕೆ ಹೇಳಿದ್ದು ನಾನು. ಹೊಟ್ಟೆ ಕತ್ತರಿಸಿದ್ದೂ ನಾನು. ಶೇಖರಣ್ಣ, ಸರಿಯಾಗಿ ಹೇಳಿ ಅವರಿಗೆ.”

ಅವನು ಹೇಳಲಿಲ್ಲ. ನಾನು ಕತ್ತರಿ ತಂದು ಮೇಜಿನ ಮೇಲೆ ಇಟ್ಟು, ನನ್ನ ಎದೆ ಮುಟ್ಟಿ ತೋರಿಸಿ, ಕೈಯಲ್ಲಿ ಸೀಳುವ ಹಾಗೆ ಮಾಡಿದೆ.

ಡಾಕ್ಟರಮ್ಮನ ಮುಖ ಕೆಂಪಾಯಿತು. ಸ್ಟೀಲ್ ಟ್ರೇ ಎತ್ತಿ ಗೋಡೆಗೆ ಎಸೆದರು. ಗೂಡಿನ ನಾಯಿಗಳೆಲ್ಲ ಬೊಗಳಿದವು. ಆಮೇಲೆ ಎದ್ದು ನನ್ನ ರಟ್ಟೆ ಹಿಡಿದು ಫ್ರೀಜರಿನ ಹತ್ತಿರ ಎಳೆದೊಯ್ದು, ಅದರ ಮೇಲೆ ಅಂಟಿಸಿದ್ದ ಕಾಗದಕ್ಕೆ ಬೆರಳಿನಿಂದ ಕುಕ್ಕಿದರು. ದಿನಾ ನಾನೇ ಒರೆಸುತ್ತಿದ್ದ ಕಾಗದ. ಅದನ್ನು ಓದು ಎಂದರು. ನಾನು ಓದಲು ಬರುವುದಿಲ್ಲ ಎಂದು ತಲೆ ಆಡಿಸಿದೆ. ಅವರು ಶೇಖರಣ್ಣನನ್ನು ನೋಡಿದರು. ಅವನು ನೆಲ ನೋಡಿದ. ಈ ಔಷಧ ಹಾಕಿದ ಪ್ರಾಣಿಯನ್ನು ತಿಂದ ಪ್ರಾಣಿಯೂ ಸಾಯುತ್ತದೆ, ಹೊರಗೆ ಬಿಡಬಾರದು ಎಂದು ಅದರಲ್ಲಿ ಬರೆದಿತ್ತಂತೆ.

ಡಾಕ್ಟರಮ್ಮ ಹಮೀದಾಕರ ಕಾಗದ ಎತ್ತಿ ಹರಿದರು. ಶೇಖರಣ್ಣನಿಂದ ಬೇರೆ ಕಾಗದ ಬರೆಸಿದರು, ಅದರಲ್ಲಿ ತಪ್ಪಿಗೆ ಹೊಣೆ ಎಂದು ಮೂವರ ಹೆಸರು, ನನ್ನದು, ಶೇಖರಣ್ಣನದು, ಕೊನೆಗೆ ಡಾಕ್ಟರಮ್ಮನದ್ದೇ. ನಾನು ಕನ್ನಡದಲ್ಲಿ ವಾರಿಜ ಎಂದು ರುಜು ಹಾಕಿದೆ. ಕಫೀಲ್‌ಗೆ ಅವರೇ ಫೋನು ಮಾಡಿ ಡ್ರೈವರನ್ನು ಮುಟ್ಟಬೇಡಿ ಎಂದರು. ನನ್ನ ಕಡೆ ತಿರುಗಿ, ಈಗ ಮನೆಗೆ ಹೋಗು, ನಿನ್ನ ಮುಖ ನೋಡಲು ನನಗೆ ಆಗುತ್ತಿಲ್ಲ, ನಾಳೆಯದ್ದು ನನಗೆ ಗೊತ್ತಿಲ್ಲ ಎಂದರು. ಅಷ್ಟನ್ನು ತರ್ಜುಮೆ ಇಲ್ಲದೆ ತಿಳಿದುಕೊಂಡೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಯಾರೂ ಕರೆಯದಿದ್ದರೂ ಹೋದೆ. ಡಾಕ್ಟರಮ್ಮ ಹದ್ದುಗಳ ನಡುವೆ ನೆಲದ ಮೇಲೆ ನಿದ್ದೆ ಹೋಗಿದ್ದರು. ಐದು ಹದ್ದು ಎದ್ದು ನಿಂತು ನನ್ನನ್ನೇ ನೋಡಿದವು. ಮೇಜಿನ ಮೇಲಿದ್ದ ಬಿಳಿ ಮಾರ್ಕರ್ ತೆಗೆದುಕೊಂಡು ಹೋಗಿ ಫ್ರೀಜರ್ ತೆರೆದೆ. ಮೇಲಿನ ಚೀಲವನ್ನು ಹೊರಗೆ ತೆಗೆದು, ಮಂಜು ಒರೆಸಿ, ಅದರ ಮೇಲೆ ಒಂದು ಹಕ್ಕಿ ಬಿಡಿಸಿದೆ, ಕಾಲು ಮೇಲೆ, ತಲೆ ಕೆಳಗೆ. ಕೋಳಿಯ ಹಾಗೆ ಬಂತು. ಎರಡನೆಯದು ಸ್ವಲ್ಪ ವಾಸಿ. ಆರನೆಯ ಚೀಲಕ್ಕೆ ಬರುವಾಗ ಅಕ್ಷರ ಬಾರದ ಯಾರು ನೋಡಿದರೂ ಸತ್ತ ಹದ್ದು ಎಂದು ತಿಳಿಯುವ ಹಾಗೆ ಆಯಿತು. ಹದಿನಾಲ್ಕು ಚೀಲ ಇತ್ತು. ಹದಿನಾಲ್ಕರ ಮೇಲೂ ಬಿಡಿಸಿ, ಮೊದಲಿನ ಐದನ್ನು ಅಳಿಸಿ ಇನ್ನೊಮ್ಮೆ ಬಿಡಿಸಿದೆ.